ಮೊಟ್ಟೆ ಬೇಯಿಸಿದರೆ ಗಟ್ಟಿ, ರೇಷ್ಮೆ ಬೇಯಿಸಿದರೆ ಏನೂ ಆಗಲ್ಲ. ಎರಡೂ ಪ್ರೋಟೀನ್ ಅಲ್ವಾ?

ನೂಲಿನಮನೆ_ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಅಪ್ಪನ ಕಾಲದಲ್ಲಿ ಚರಕ ಇತ್ತು. ಈಗ ಕಾಟೇಜ್ ಬೇಸಿನ್ ಅನ್ನೋ ನೂಲು ಬಿಚ್ಚುವ ಯಂತ್ರ ಇದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಮಗಳು ಈಗ ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದಾಳೆ.

ಮೊನ್ನೆ ರಾತ್ರಿ ಅವಳು ಜೋರಾಗಿ ಓದುತ್ತಾ ಕೂತಿದ್ದಳು. ಪ್ರೋಟೀನ್ ಅಂದರೆ ಉದ್ದದ ಸರ. ಅದು ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರ ಇದ್ದರೇನೇ ಕೆಲಸ ಮಾಡುತ್ತದೆ. ಬಿಸಿ ತಾಗಿದರೆ ಆಕಾರ ಕೆಡುತ್ತದೆ, ಉದಾಹರಣೆಗೆ ಮೊಟ್ಟೆ. ಇಷ್ಟು ಓದಿ ನನ್ನ ಕಡೆ ತಿರುಗಿದಳು. "ಅಪ್ಪಾ, ರೇಷ್ಮೆನೂ ಪ್ರೋಟೀನೇ. ನೀನು ದಿನಾ ಗೂಡು ಬೇಯಿಸ್ತೀಯಲ್ಲಾ, ಅದರ ಆಕಾರ ಯಾಕೆ ಕೆಡಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗೂಡನ್ನು ಕುದಿಯುವ ನೀರಿಗೆ ಹಾಕುತ್ತೇವೆ, ತುದಿ ಹುಡುಕುತ್ತೇವೆ, ಎಂಟು ಹತ್ತು ಗೂಡಿನ ಎಳೆ ಸೇರಿಸಿ ನೂಲು ತೆಗೆಯುತ್ತೇವೆ. ಎಳೆ ಹಾಳಾಗುವುದಿಲ್ಲ. ಆಮೇಲೆ ಬಣ್ಣ ಹಾಕುವ ಮುಂಚೆ ಅದನ್ನೇ ಸೋಪು, ಸೋಡಾ ಹಾಕಿ ಇನ್ನೊಮ್ಮೆ ಕುದಿಸುತ್ತಾರೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ. ಆದರೂ ಎಳೆ ಗಟ್ಟಿಯಾಗಿಯೇ ಇರುತ್ತದೆ, ಹೊಳಪು ಇನ್ನೂ ಜಾಸ್ತಿ ಆಗುತ್ತದೆ.

ನನಗೇ ಇನ್ನೊಂದು ಪ್ರಶ್ನೆ ಹುಟ್ಟಿತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳದ ಹೊಟ್ಟೆಯಲ್ಲಿ ಇದು ಅಂಟಂಟಾದ ದ್ರವ. ಬಾಯಿಂದ ಹೊರಗೆ ಬರುವಷ್ಟರಲ್ಲಿ ನೂಲು. ಅಲ್ಲಿ ಯಾರೂ ಬೇಯಿಸುವುದಿಲ್ಲ. ಹುಳವನ್ನು ಮುಟ್ಟಿದರೆ ತಣ್ಣಗಿರುತ್ತದೆ. ಹಾಗಾದರೆ ಗಟ್ಟಿ ಮಾಡಿದ್ದು ಯಾರು?

ದಯವಿಟ್ಟು ನನಗೂ ಮಗಳಿಗೂ ಅರ್ಥ ಆಗುವ ಹಾಗೆ ಹೇಳಿ.

ರಸಾಯನ_ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ನನಗೆ ತೋಚಿದ್ದು ಇಷ್ಟು. ಕೂದಲಿನಲ್ಲಿ ಗಂಧಕದ ಕೊಂಡಿಗಳಿರುತ್ತವೆ. ಒಂದು ಸರವನ್ನು ಇನ್ನೊಂದಕ್ಕೆ ಬಿಗಿಯಾಗಿ ಕಟ್ಟಿ ಹಾಕುತ್ತವೆ. ಅದಕ್ಕೇ ಕೂದಲನ್ನು ಕುದಿಸಿದರೂ ಕರಗುವುದಿಲ್ಲ. ರೇಷ್ಮೆಯಲ್ಲೂ ಅದೇ ಇರಬೇಕು. ತಿಳಿದವರು ತಿದ್ದಿ.

ಗೂಡಿನಿಂದ_ಲ್ಯಾಬಿಗೆ:

ಮೇಷ್ಟ್ರೇ, ಕೂದಲಿನ ವಿಷಯ ನೀವು ಹೇಳಿದ್ದು ಸರಿ. ರೇಷ್ಮೆಯಲ್ಲಿ ಗಂಧಕ ತುಂಬಾ ಕಡಿಮೆ. ಅದರ ಬಲ ಬೇರೆ ಕಡೆಯಿಂದ ಬರುತ್ತದೆ. ಒಂದೇ ಒಂದು ಗಂಧಕದ ಕೊಂಡಿ ಮಾತ್ರ ಬಹಳ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಅಣ್ಣಾ, ನಮ್ಮಪ್ಪ ಅಮ್ಮ ಚಿಂತಾಮಣಿ ಕಡೆ ಹುಳು ಸಾಕುತ್ತಾರೆ. ನಾನು 8 ವರ್ಷದಿಂದ ಲ್ಯಾಬಿನಲ್ಲಿ ಈ ರೇಷ್ಮೆ ಪ್ರೋಟೀನನ್ನೇ ಕರಗಿಸುತ್ತಾ, ಗಟ್ಟಿ ಮಾಡುತ್ತಾ ಕೂತಿದ್ದೇನೆ. ನಿಮ್ಮ ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಬೆಂದ ಮೊಟ್ಟೆಯನ್ನು ಇನ್ನೊಂದು ಸಲ ಬೇಯಿಸಿ ನೋಡಿ. ಏನಾಗುತ್ತದೆ? ಹೆಚ್ಚೇನೂ ಆಗುವುದಿಲ್ಲ. ಆಗಬೇಕಾದ್ದು ಆಗಲೇ ಆಗಿಹೋಗಿದೆ. ನಿಮ್ಮ ಬೇಸಿನ್ನಿಗೆ ಬರುವ ಗೂಡೂ ಹಾಗೇ. ಅದು ಹಸಿ ಮೊಟ್ಟೆ ಅಲ್ಲ. ಹುಳ ತನ್ನದೇ ರೀತಿಯಲ್ಲಿ ಗಟ್ಟಿ ಮಾಡಿ ಮುಗಿಸಿದ ಪ್ರೋಟೀನ್ ಅದು. ಹಸಿ ಮೊಟ್ಟೆಗೆ ಸಮ ಅಂದರೆ ಹುಳದ ಹೊಟ್ಟೆಯ ಆ ದ್ರವ. ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮಗಳ ಪ್ರಶ್ನೆಗೆ ಉತ್ತರ ಇದೆ.

ಈಗ ಮೊಟ್ಟೆ. ಬಿಳಿ ಭಾಗದಲ್ಲಿ ಜಾಸ್ತಿ ಇರುವ ಪ್ರೋಟೀನಿಗೆ ಓವಾಲ್ಬುಮಿನ್ ಅಂತ ಹೆಸರು. 385 ಅಮೈನೋ ಆಮ್ಲ ಪೋಣಿಸಿದ ಸರ. ಆ ಮಣಿಗಳಲ್ಲಿ ಕೆಲವಕ್ಕೆ ನೀರು ಅಂದರೆ ಇಷ್ಟ, ಕೆಲವು ಎಣ್ಣೆಯ ಹಾಗೆ ನೀರಿನಿಂದ ದೂರ ಓಡುತ್ತವೆ. ದೂರ ಓಡುವವು ಒಳಗೆ ಅಡಗಿ, ಇಷ್ಟ ಇರುವವು ಹೊರಗೆ ಬಂದು, ಸರ ಒಂದು ಪುಟ್ಟ ಉಂಡೆಯಾಗುತ್ತದೆ. ಹಸಿ ಮೊಟ್ಟೆಯಲ್ಲಿ ಇಂಥ ಉಂಡೆಗಳು ಒಂದಕ್ಕೊಂದು ಅಂಟದೆ ತೇಲುತ್ತಿರುತ್ತವೆ. ಬಿಸಿ ಏರಿದಾಗ ಉಂಡೆ ಅದುರಿ ಬಿಚ್ಚಿಕೊಳ್ಳುತ್ತದೆ. ಸರ ತುಂಡಾಗುವುದಿಲ್ಲ, ಮಡಿಕೆ ಮಾತ್ರ ಹೋಗುತ್ತದೆ. ಒಳಗೆ ಅಡಗಿದ್ದ ಭಾಗ ಹೊರಗೆ ಬಂದು ಪಕ್ಕದ ಸರಕ್ಕೆ ಅಂಟುತ್ತದೆ. ನಿಮ್ಮ ಮನೆಯಲ್ಲಿ ನಾಲ್ಕು ಲಡಿ ಬಿಚ್ಚಿಹೋಗಿ ಒಂದಕ್ಕೊಂದು ಸಿಕ್ಕು ಬಿದ್ದರೆ ಹೇಗಿರುತ್ತದೋ ಹಾಗೆ. ಆ ಸಿಕ್ಕಿನ ನಡುವೆ ನೀರು ಸಿಕ್ಕಿಕೊಂಡು ಮೊಟ್ಟೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ.

ರೇಷ್ಮೆಯ ಸರದ ಗುಣ ಬೇರೆ. ಎಳೆಯ ಒಳಗಿನ ಪ್ರೋಟೀನಿಗೆ ಫೈಬ್ರೋಯಿನ್ ಅನ್ನುತ್ತೇವೆ. ಅದರ ದೊಡ್ಡ ಸರದಲ್ಲಿ 5,263 ಮಣಿಗಳಿವೆ. ಆದರೆ ಬಹುಪಾಲು ಮೂರೇ ಬಗೆ: ಗ್ಲೈಸಿನ್, ಅಲನಿನ್, ಸೆರಿನ್. ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್, ಮತ್ತೆ ಅದೇ, ಮತ್ತೆ ಅದೇ. ಮಗ್ಗದ ಮೇಲೆ ಒಂದೇ ಬುಟ್ಟಾ ಮತ್ತೆ ಮತ್ತೆ ಬರುವ ಹಾಗೆ. ಈ ಮೂರೂ ಚಿಕ್ಕ ಮಣಿಗಳು. ಹಾಗಾಗಿ ಸರಗಳು ನೀಟಾಗಿ ಪಕ್ಕಪಕ್ಕ ಮಲಗಿ ಹಾಳೆಯಾಗುತ್ತವೆ. ಹಾಳೆಯ ಮೇಲೆ ಹಾಳೆ ಒತ್ತೊತ್ತಾಗಿ ಕೂರುತ್ತದೆ. ನಡುವೆ ನೀರು ನುಗ್ಗಲು ಜಾಗವೇ ಇಲ್ಲ. ಒಂದೊಂದು ಹಿಡಿತವೂ ಸಣ್ಣದು. ಆದರೆ ಸಾವಿರಾರು ಹಿಡಿತ ಒಟ್ಟಿಗೆ ಇದ್ದಾಗ 100 ಡಿಗ್ರಿಯ ನೀರು ಏನೂ ಮಾಡಲಾರದು. ಈ ಹಾಳೆಯ ಜೋಡಣೆಯನ್ನು 1955ರಲ್ಲಿ ಮಾರ್ಷ್, ಕೋರಿ, ಪೌಲಿಂಗ್ ಎಕ್ಸ್‌ರೇ ಚಿತ್ರಗಳಿಂದ ಬಿಡಿಸಿ ತೋರಿಸಿದರು.

ನಿಮ್ಮ ನೀರಿನಲ್ಲಿ ಕರಗಿ ಹೋಗುವುದು ಸೆರಿಸಿನ್. ಎರಡು ಎಳೆಗಳನ್ನು ಅಂಟಿಸಿ ಹಿಡಿದಿರುವ ಗೋಂದು ಅದು. ಅದಕ್ಕೆ ನೀರು ಇಷ್ಟ, ಹಾಗಾಗಿ ಬಿಸಿ ನೀರಿನಲ್ಲಿ ಸಡಿಲವಾಗುತ್ತದೆ. ಸೋಪು, ಸೋಡಾದಲ್ಲಿ ಹೋಗುವ ಕಾಲು ಭಾಗದ ತೂಕವೂ ಅದೇ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹುಳ ಇದನ್ನು ಹೇಗೆ ಸಂಭಾಳಿಸುತ್ತದೆ?

ನೋಡಿ, ಹಸಿ ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನ್ ಸುಮಾರು 10 ಭಾಗ, ಉಳಿದದ್ದು ಹೆಚ್ಚಾಗಿ ನೀರು. ಹುಳದ ರೇಷ್ಮೆ ಗ್ರಂಥಿಯಲ್ಲಿ ಅದು 25ರಿಂದ 30 ಭಾಗ! ಅಷ್ಟು ದಟ್ಟ. ಗಟ್ಟಿಯಾಗುವುದಕ್ಕೇ ಹುಟ್ಟಿದ ಪ್ರೋಟೀನ್. ಅದನ್ನು ದಿನಗಟ್ಟಲೆ ಹೊಟ್ಟೆಯಲ್ಲಿ ದ್ರವವಾಗಿಯೇ ಇಟ್ಟುಕೊಳ್ಳುತ್ತದೆ. ಒಳಗೇ ಗಟ್ಟಿಯಾದರೆ ಹುಳದ ಕಥೆ ಮುಗಿಯಿತು.

ಇದು ಎಷ್ಟು ಕಷ್ಟ ಅಂತ ನನಗೆ ಅನುಭವದಿಂದ ಗೊತ್ತು. ನಾವು ಗೋಂದು ತೆಗೆದ ರೇಷ್ಮೆಯನ್ನು ಲಿಥಿಯಂ ಬ್ರೋಮೈಡ್ ಉಪ್ಪಿನ ಗಟ್ಟಿ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು ಕರಗಿಸುತ್ತೇವೆ. ಆಮೇಲೆ ಎರಡು ದಿನ ನೀರು ಬದಲಾಯಿಸುತ್ತಾ ಉಪ್ಪು ತೆಗೆಯುತ್ತೇವೆ. ಆಗ ಸಿಗುವುದು ತಿಳಿ ಹಳದಿಯ ದ್ರವ. ಸೇರಿದ ಮೊದಲ ವರ್ಷ ಒಂದು ರಾತ್ರಿ ನಾನು ಆ ಬಾಟಲಿಯನ್ನು ಕಲಕುವ ಯಂತ್ರದ ಮೇಲೆ ಬಿಟ್ಟು ಹೋದೆ. ಬೆಳಗ್ಗೆ ಬಂದರೆ ಎಲ್ಲಾ ಹೆಪ್ಪುಗಟ್ಟಿತ್ತು. ಒಂದು ವಾರದ ಕೆಲಸ ಹೋಯಿತು. ತುಂಬಾ ಅತ್ತೆ. ಆ ದ್ರವವನ್ನು ಕಾಯಿಸಿದರೂ ಬೇಗ ಹೆಪ್ಪಾಗುತ್ತದೆ, ಥೇಟ್ ಮೊಟ್ಟೆಯ ಹಾಗೆ. ಬರೀ ಕಲಕಿದರೂ ಆಗುತ್ತದೆ. ಹುಳ ಗ್ರಂಥಿಯೊಳಗೆ ಮಾಡುವುದನ್ನು ನಾನು ಫ್ರಿಜ್ಜಿನಲ್ಲಿ ಇಟ್ಟುಕೊಂಡೂ ಹೆಚ್ಚು ದಿನ ಮಾಡಲಾರೆ.

ಹುಳದ ಕೆಲಸ ಗ್ರಂಥಿಯ ಹಿಂಭಾಗದ ಜೀವಕೋಶಗಳಲ್ಲೇ ಶುರುವಾಗುತ್ತದೆ. ದೊಡ್ಡ ಸರ ತಯಾರಾದ ಕೂಡಲೇ ಅದಕ್ಕೆ ಒಂದು ಸಣ್ಣ ಸರ ಜೊತೆಯಾಗಬೇಕು. ಇವೆರಡನ್ನು ಕಟ್ಟುವುದೇ ನಾನು ಮೇಲೆ ಹೇಳಿದ ಆ ಒಂದೇ ಗಂಧಕದ ಕೊಂಡಿ. ಜೋಡಿ ಆಗದಿದ್ದರೆ ಜೀವಕೋಶ ಅದನ್ನು ಹೊರಗೆ ಬಿಡುವುದೇ ಇಲ್ಲ. ಕೆಲವು ಹುಳದ ತಳಿಗಳಲ್ಲಿ ಆ ಸಣ್ಣ ಸರದ ಜೀನ್ ಕೆಟ್ಟಿದೆ. ಅವು ಚೆನ್ನಾಗಿ ಸೊಪ್ಪು ತಿನ್ನುತ್ತವೆ, ಹಣ್ಣಾಗುತ್ತವೆ, ತಲೆ ಆಡಿಸಿ ಗೂಡು ಕಟ್ಟಲೂ ಕೂರುತ್ತವೆ. ಆದರೆ ಕಟ್ಟುವುದು ಬರೀ ಗೋಂದಿನ ತೆಳು ಗೂಡು. ಫೈಬ್ರೋಯಿನ್ ಎಲ್ಲಾ ಜೀವಕೋಶದೊಳಗೇ ಸಿಕ್ಕಿಕೊಂಡಿರುತ್ತದೆ. ಮಾರುಕಟ್ಟೆಯಲ್ಲಿ ನೀವು ಗೂಡು ಒತ್ತಿ ನೋಡಿ ಪಕ್ಕಕ್ಕೆ ಇಡುತ್ತೀರಲ್ಲಾ, ಅಂಥದ್ದೇ ತಪಾಸಣೆ ಪ್ರತಿ ಜೀವಕೋಶದಲ್ಲೂ ನಡೆಯುತ್ತದೆ.

ಮನುಷ್ಯರಲ್ಲೂ ಹೀಗೇ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಒಂದು ಕಾಯಿಲೆ ಇದೆ. 1,480 ಮಣಿಗಳ ಒಂದು ಪ್ರೋಟೀನಿನಲ್ಲಿ 508ನೇ ಮಣಿ ಇಲ್ಲದಿರುವುದು ಅದಕ್ಕೆ ಬಹಳ ಸಾಮಾನ್ಯ ಕಾರಣ. ಮಡಿಕೆ ಸರಿ ಕೂರದ ಕಾರಣಕ್ಕೆ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಹೆಚ್ಚಿನದೆಲ್ಲಾ ಒಳಗೇ ನಾಶವಾಗುತ್ತದೆ. ಆ ಮಡಿಕೆಗೆ ಆಸರೆ ಕೊಡುವ ಔಷಧಿಗಳು ಈಗ ಬಂದಿವೆ.

ಮುಂದೆ ಆ ಜೋಡಿ ಗ್ರಂಥಿಯ ಮಧ್ಯ ಭಾಗಕ್ಕೆ ಬಂದು ಶೇಖರವಾಗುತ್ತದೆ. ಸೆರಿಸಿನ್ ಸೇರುವುದು ಅಲ್ಲೇ. ಗ್ರಂಥಿಯ ಹಿಂದಿನ ತುದಿಯಲ್ಲಿ ಪಿಎಚ್ ಸುಮಾರು 8. ಬಾಯಿ ಕಡೆ ಬರುತ್ತಾ ಬರುತ್ತಾ ಅದು ಸುಮಾರು 6ಕ್ಕೆ ಇಳಿಯುತ್ತದೆ, ಅಂದರೆ ಸ್ವಲ್ಪ ಹುಳಿ. ಆ ಹುಳಿಗೆ ಸರಗಳ ತುದಿಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಾಳ ಸಣ್ಣದಾಗುತ್ತಾ ಹೋಗುತ್ತದೆ. ಕೊನೆಗೆ ಹುಳ ಎಳೆಯ ತುದಿಯನ್ನು ಚಂದ್ರಿಕೆಗೆ (ಗೂಡು ಕಟ್ಟಲು ಹುಳು ಬಿಡುವ ತಟ್ಟೆಗೆ) ಅಂಟಿಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಲೆ ಆಡಿಸುತ್ತದೆ. ಆ ಎಳೆತಕ್ಕೆ ಸರಗಳು ನೆಟ್ಟಗಾಗಿ, ಸಾಲಾಗಿ, ಹಾಳೆಯಾಗಿ ಬಿಗಿಯುತ್ತವೆ. ಅಣ್ಣಾ, ಹುಳ ರೇಷ್ಮೆಯನ್ನು ಉಗುಳುವುದಿಲ್ಲ, ಎಳೆಯುತ್ತದೆ. ಗಟ್ಟಿ ಮಾಡುವುದು ಆ ಹುಳಿ ಮತ್ತು ಆ ಎಳೆತ. ಬೆಂಕಿ ಬೇಕೇ ಇಲ್ಲ.

ರಸಾಯನ_ಮೇಷ್ಟ್ರು:

ತುಂಬಾ ಧನ್ಯವಾದಗಳು ಮೇಡಂ. ನನ್ನ ತಪ್ಪು ತಿಳಿಯಿತು. ಒಂದು ಸಂದೇಹ. ಯಾವ ಆಕಾರಕ್ಕೆ ಮಡಚಬೇಕು ಅಂತ ಸರಕ್ಕೆ ಹೇಳುವವರು ಯಾರು? ಜೀವಕೋಶದಲ್ಲಿ ಏನಾದರೂ ಅಚ್ಚು ಇರುತ್ತದೆಯೇ?

ಗೂಡಿನಿಂದ_ಲ್ಯಾಬಿಗೆ:

ಅಚ್ಚು ಇಲ್ಲ ಮೇಷ್ಟ್ರೇ. ಇದನ್ನು ತೋರಿಸಿದವರು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್. ಹಸುವಿನ ಮೇದೋಜೀರಕ ಗ್ರಂಥಿಯ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ತೆಗೆದುಕೊಂಡರು. 124 ಮಣಿ, ನಾಲ್ಕು ಗಂಧಕದ ಕೊಂಡಿ. ಯೂರಿಯಾ ಹಾಕಿ ಮಡಿಕೆ ಬಿಚ್ಚಿದರು, ಇನ್ನೊಂದು ರಾಸಾಯನಿಕ ಹಾಕಿ ಕೊಂಡಿ ಬಿಡಿಸಿದರು. ಕಿಣ್ವ ಕೆಲಸ ನಿಲ್ಲಿಸಿತು. ಆಮೇಲೆ ಎರಡನ್ನೂ ತೆಗೆದು ಗಾಳಿಗೆ ಬಿಟ್ಟರು. ಸರ ತಾನೇ ಮಡಚಿಕೊಂಡು ಮತ್ತೆ ಕೆಲಸ ಶುರು ಮಾಡಿತು! ಆ ನಾಲ್ಕು ಕೊಂಡಿಗಳನ್ನು 105 ರೀತಿಯಲ್ಲಿ ಹಾಕಬಹುದು. ಅದು ಸರಿಯಾದ ಒಂದನ್ನೇ ಆರಿಸಿಕೊಂಡಿತು. ಆಕಾರದ ಮಾಹಿತಿ ಮಣಿಗಳ ಕ್ರಮದಲ್ಲೇ ಇದೆ ಅಂತ ಇದರಿಂದ ಗೊತ್ತಾಯಿತು. 1972ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಆದರೆ ಅವರು ಮಾಡಿದ್ದು ತೆಳು ದ್ರಾವಣದಲ್ಲಿ. ಜೀವಕೋಶದೊಳಗೆ ಸಂತೆಯಷ್ಟು ನೂಕುನುಗ್ಗಲು. ಅರ್ಧ ಮಡಚಿದ ಸರ ಪಕ್ಕದ್ದಕ್ಕೆ ಅಂಟುವ ಅಪಾಯ ಯಾವಾಗಲೂ ಇರುತ್ತದೆ. ಅದಕ್ಕೇ ಸಹಾಯಕ ಪ್ರೋಟೀನುಗಳಿವೆ, ಶಾಪರೋನ್ ಅಂತ ಹೆಸರು. ಅವು ಆಕಾರ ಹೇಳಿಕೊಡುವುದಿಲ್ಲ. ಅಂಟದ ಹಾಗೆ ಕಾಯುತ್ತವೆ, ಅಷ್ಟೇ. ಬ್ಯಾಕ್ಟೀರಿಯಾದ ಗ್ರೋಇಎಲ್ ಅಂತೂ ಮುಚ್ಚಳ ಇರುವ ಡಬ್ಬಿ. ಏಳೇಳು ತುಂಡಿನ ಎರಡು ಬಳೆ ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಇರುತ್ತದೆ. ಸರ ಒಳಗೆ ಹೋಗಿ, ಯಾರ ಕಾಟವೂ ಇಲ್ಲದೆ ಕೆಲವು ಸೆಕೆಂಡು ಮಡಚಿಕೊಂಡು ಹೊರಗೆ ಬರುತ್ತದೆ.

ಹಿಪ್ಪುನೇರಳೆ_ತೋಟ:

ನಾನು ಕೋಲಾರ ಜಿಲ್ಲೆಯ ರೈತ. ಮಾತು ಬೇರೆ ಕಡೆ ತಿರುಗಿಸುತ್ತಿದ್ದರೆ ಕ್ಷಮಿಸಿ. ಹೋದ ಏಪ್ರಿಲಿನಲ್ಲಿ ಬಿಸಿಲು ವಿಪರೀತ ಇತ್ತು. ನನ್ನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಹುಳು ನಾಲ್ಕನೇ ಜ್ವರ (ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಸೊಪ್ಪು ಬಿಟ್ಟು ಸಪ್ಪೆಯಾಗಿ ಸತ್ತವು. ಪಕ್ಕದವರ ಸಿಬಿ, ಅಂದರೆ ಮಿಶ್ರತಳಿ ಹುಳು ಹೇಗೋ ಉಳಿದವು. ಮನೆಯೊಳಗೆ 36 ಡಿಗ್ರಿ ದಾಟಿರಲಿಲ್ಲ. ಮೊಟ್ಟೆ ಬೇಯಲು 60ರ ಮೇಲೆ ಬೇಕು. ಹಾಗಾದರೆ 36ಕ್ಕೆ ಹುಳದ ಪ್ರೋಟೀನ್ ಕೆಡುತ್ತದಾ? ಇನ್ನೊಂದು, ಜ್ವರಕ್ಕೆ ಕೂತ ಹುಳು ರೇಷ್ಮೆ ಮಾಡುತ್ತದಾ?

ಗೂಡಿನಿಂದ_ಲ್ಯಾಬಿಗೆ:

ಕ್ಷಮೆ ಯಾಕಣ್ಣಾ, ಇದು ವಿಷಯದ ಒಳಗಿನ ಮಾತೇ. ಬೆಳೆ ಹೋದ ಸಂಕಟ ನನಗೆ ಗೊತ್ತು. ನಮ್ಮ ಮನೆಯಲ್ಲೂ ಎರಡು ಸಲ ನೋಡಿದ್ದೇನೆ.

ಮೊಟ್ಟೆಯ ಪ್ರೋಟೀನ್ ಸ್ವಲ್ಪ ಗಟ್ಟಿಗ. ಜೀವಕೋಶದ ಎಲ್ಲಾ ಪ್ರೋಟೀನುಗಳೂ ಹಾಗಲ್ಲ. ಬಹಳಷ್ಟು ಮಡಿಕೆಗಳು ಸಣ್ಣ ಅಂತರದಲ್ಲಿ ನಿಂತಿರುತ್ತವೆ. ಈಗಷ್ಟೇ ಹುಟ್ಟುತ್ತಿರುವ ಸರಗಳಂತೂ ಬಹಳ ಸೂಕ್ಷ್ಮ. ದೊಡ್ಡ ಹುಳಕ್ಕೆ 23ರಿಂದ 25 ಡಿಗ್ರಿ ಹಿತ. ಅದಕ್ಕಿಂತ ಹತ್ತು ಡಿಗ್ರಿ ಏರಿದರೆ ಅಲ್ಲಲ್ಲಿ ಮಡಿಕೆ ಸಡಿಲವಾಗಿ ಅಂಟಿಕೊಳ್ಳಲು ಶುರುವಾಗುತ್ತದೆ. ನಮ್ಮ ಹಾಗೆ ಹುಳಕ್ಕೆ ಮೈ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಮನೆ ಎಷ್ಟು ಬಿಸಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ.

ಆಗ ಜೀವಕೋಶ ಒಂದು ಕೆಲಸ ಮಾಡುತ್ತದೆ. 1962ರಲ್ಲಿ ಇಟಲಿಯ ಫೆರುಚ್ಚೊ ರಿಟೋಸಾ ಹಣ್ಣಿನ ನೊಣಗಳನ್ನು ನೋಡುತ್ತಿದ್ದರು. ನೊಣಗಳಿದ್ದ ಪೆಟ್ಟಿಗೆಯ ಬಿಸಿಯನ್ನು ಯಾರೋ ಏರಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮಿನ ಕೆಲವು ಜಾಗ ಉಬ್ಬಿಕೊಂಡಿತ್ತು. ಅಂದರೆ ಅಲ್ಲಿನ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿದ್ದವು. ಅವು ತಯಾರಿಸುವುದು ಯಾವ ಪ್ರೋಟೀನ್ ಅಂತ 1974ರಲ್ಲಿ ಗೊತ್ತಾಯಿತು. ಅವುಗಳಿಗೆ ಹೀಟ್ ಶಾಕ್ ಪ್ರೋಟೀನ್ ಅಂತ ಹೆಸರು ಬಂತು. ನಾನು ಮೇಷ್ಟ್ರಿಗೆ ಹೇಳಿದ ಕಾವಲುಗಾರರಲ್ಲಿ ಬಹಳಷ್ಟು ಇವೇ.

ಇದರ ಹತೋಟಿ ಎಷ್ಟು ಚೆನ್ನಾಗಿದೆ ನೋಡಿ. ಈ ಜೀನ್‌ಗಳನ್ನು ಎಬ್ಬಿಸುವ ಒಂದು ಪ್ರೋಟೀನ್ ಇದೆ. ಮಾಮೂಲಿ ದಿನಗಳಲ್ಲಿ ಕಾವಲುಗಾರರೇ ಅದನ್ನು ಹಿಡಿದು ಕೂರಿಸಿರುತ್ತಾರೆ. ಬಿಸಿಯಾಗಿ ಮಡಿಕೆಗಳು ಬಿಚ್ಚತೊಡಗಿದಾಗ ಕಾವಲುಗಾರರೆಲ್ಲಾ ಆ ಕಡೆ ಓಡುತ್ತಾರೆ. ಹಿಡಿತ ತಪ್ಪಿದ ಪ್ರೋಟೀನ್ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಹೊಸ ಕಾವಲುಗಾರರು ಸಾಕಷ್ಟು ಹುಟ್ಟಿದ ಮೇಲೆ ಅವರೇ ಅದನ್ನು ಮತ್ತೆ ಹಿಡಿದು ಕೂರಿಸುತ್ತಾರೆ. ರಿಪೇರಿ ಆಗದಷ್ಟು ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿ ಒಡೆದು ಹಾಕುತ್ತವೆ. ಅದರ ಮಣಿಗಳು ಮತ್ತೆ ಬಳಕೆಗೆ ಬರುತ್ತವೆ.

ನಮ್ಮ ಮೈಸೂರು ತಳಿಯಂಥ ಬಹುಪೀಳಿಗೆ ಹುಳುಗಳು ಬಿಸಿಯನ್ನು ದ್ವಿತಳಿಗಿಂತ ಚೆನ್ನಾಗಿ ತಡೆಯುತ್ತವೆ. ಸಿಬಿಯಲ್ಲಿ ಆ ರಕ್ತ ಇದೆ. ಆದರೆ ನಿಮ್ಮ ಬೆಳೆ ಹೋದದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಬೇಸಿಗೆಯಲ್ಲಿ ಸೊಪ್ಪು ಬೇಗ ಬಾಡುತ್ತದೆ, ಗಾಳಿ ಆಡದಿದ್ದರೆ ರೋಗವೂ ಸೇರಿಕೊಳ್ಳುತ್ತದೆ. ಮಧ್ಯಾಹ್ನ ಸೂರಿನ ಮೇಲೆ ಒದ್ದೆ ಗೋಣಿ ಹಾಕಿ. ಸೊಪ್ಪನ್ನು ಬೆಳಗಿನ ತಂಪಿನಲ್ಲೇ ಕೊಯ್ದು ಒದ್ದೆ ಬಟ್ಟೆ ಮುಚ್ಚಿಡಿ.

ಜ್ವರದ ಪ್ರಶ್ನೆ ಬಹಳ ಒಳ್ಳೆಯದು. ಜ್ವರಕ್ಕೆ ಕೂತಾಗ ಫೈಬ್ರೋಯಿನ್ ಜೀನ್ ನಿಂತುಹೋಗುತ್ತದೆ. ಎದ್ದು ಸೊಪ್ಪು ತಿನ್ನಲು ಶುರು ಮಾಡಿದಾಗ ಮತ್ತೆ ಚಾಲೂ ಆಗುತ್ತದೆ. ಪ್ರತಿ ಜ್ವರಕ್ಕೂ ಹೀಗೇ. ಕೊನೆಯ ಹಂತದಲ್ಲಿ ಅದು ಓಡುವ ವೇಗವೇ ಬೇರೆ. ಆ ಜೀವಕೋಶಗಳು ಒಡೆದು ಎರಡಾಗುವುದಿಲ್ಲ. ಒಳಗಿನ ಡಿಎನ್‌ಎ ಮಾತ್ರ ಲಕ್ಷಗಟ್ಟಲೆ ಪ್ರತಿಯಾಗಿರುತ್ತದೆ. ಇಷ್ಟೂ ರೇಷ್ಮೆಯ ಸಲುವಾಗಿ.

ನೂಲಿನಮನೆ_ಶಿಡ್ಲಘಟ್ಟ:

ಅಕ್ಕಾ, ನಿಮ್ಮ ಉತ್ತರವನ್ನು ಮಗಳು ಎರಡು ಸಲ ಓದಿ ಹೇಳಿದಳು. ಹುಳ ಎಳೆಯುತ್ತದೆ ಅನ್ನೋ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಾವು ಬಿಚ್ಚುವಾಗ ಎಳೆಯುವ ಎಳೆಯನ್ನು ಅದೂ ಎಳೆದೇ ಕಟ್ಟಿದ್ದು.

ಇನ್ನೊಂದು ಕೇಳಲೇ? ಹೋದ ಮಳೆಗಾಲದಲ್ಲಿ ರೇಟು ಬರಲಿ ಅಂತ ಒಂದು ಲಾಟ್ ಗೂಡು ಒಣಗಿಸಿ ಇಟ್ಟಿದ್ದೆ. ಎರಡು ತಿಂಗಳ ಮೇಲೆ ಬೇಯಿಸಿದರೆ ಗೂಡು ಸರಿಯಾಗಿ ಬಿಚ್ಚಲಿಲ್ಲ. ಎಳೆ ಕಿತ್ತು ಕಿತ್ತು ಬಂತು. ನೀರಿನ ತಪ್ಪೋ ಗೂಡಿನ ತಪ್ಪೋ?

ಗೂಡಿನಿಂದ_ಲ್ಯಾಬಿಗೆ:

ಅದು ಗೋಂದಿನ ಮಡಿಕೆ ಬದಲಾಗಿದ್ದು ಇರಬೇಕು. ಹೊಸ ಗೂಡಿನಲ್ಲಿ ಸೆರಿಸಿನ್ ಸರಗಳು ಸಡಿಲವಾಗಿ, ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅದಕ್ಕೇ ಬಿಸಿ ನೀರಿಗೆ ಬೇಗ ಬಿಡುತ್ತವೆ. ತೇವ ಹೀರಿಕೊಂಡು ಆರಿ, ಮತ್ತೆ ಹೀರಿ ಆರಿ, ಅವೂ ನಿಧಾನಕ್ಕೆ ಫೈಬ್ರೋಯಿನ್ ಹಾಗೆ ಹಾಳೆಯಾಗಿ ಬಿಗಿಯುತ್ತವೆ. ಆಮೇಲೆ ನೀರಿಗೆ ಬಗ್ಗುವುದಿಲ್ಲ. ಒಣಗಿಸುವಾಗ ಬಿಸಿ ಅತಿಯಾದರೂ ಇದೇ ತೊಂದರೆ. ಮುಂದಿನ ಸಲ ಬಿಸಿ ಹದವಾಗಿಟ್ಟು ಒಣಗಿಸಿ, ತೇವ ತಾಗದ ಕಡೆ ಇಡಿ. ಮಳೆಗಾಲದಲ್ಲಿ ಹೆಚ್ಚು ದಿನ ಇಡದಿದ್ದರೆ ಇನ್ನೂ ಒಳ್ಳೆಯದು.

ಮಗಳಿಗೆ ಒಂದು ಕೆಲಸ ಹೇಳಿ. ಹಣ್ಣಾದ ಹುಳುಗಳಲ್ಲಿ ಏಟು ಬಿದ್ದು ಸತ್ತದ್ದು ಸಿಕ್ಕರೆ, ಕೂಡಲೇ ಅದರ ರೇಷ್ಮೆ ಗ್ರಂಥಿ ಬಿಡಿಸಿ ಕೆಲವು ಗಂಟೆ ವಿನಿಗರ್‌ನಲ್ಲಿ ಇಡಲಿ. ಆಮೇಲೆ ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯಲಿ. ಹುಳಿ, ಎಳೆತ ಎರಡೂ ಅವಳ ಕೈಯಲ್ಲೇ ಇರುತ್ತವೆ. ಸ್ಪೇನಿನ ಮುರ್ಸಿಯಾದಲ್ಲಿ ಹಿಂದೆ ಹೀಗೇ ಮೀನು ಹಿಡಿಯುವ ಗಾಳದ ದಾರ ಮಾಡುತ್ತಿದ್ದರು.

ನೂಲಿನಮನೆ_ಶಿಡ್ಲಘಟ್ಟ:

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ನಮ್ಮ ಭಾವನ ಮನೆಯಲ್ಲಿ ಮೊನ್ನೆ ಹುಳು ಹಣ್ಣಾಯಿತು. ಚಂದ್ರಿಕೆಗೆ ಬಿಡುವಾಗ ಬಿದ್ದು ಸತ್ತ ನಾಲ್ಕು ಹುಳು ಸಿಕ್ಕವು. ಮಗಳು ಅಲ್ಲೇ ಕೂತು ಬ್ಲೇಡಿನಲ್ಲಿ ಬಿಡಿಸಿದಳು. ಎರಡು ಗ್ರಂಥಿ ಕಿತ್ತುಹೋದವು. ಉಳಿದದ್ದನ್ನು ಸ್ಟೀಲ್ ಲೋಟದಲ್ಲಿ ವಿನಿಗರ್ ಹಾಕಿ ಬೆಳಗಿನವರೆಗೆ ಇಟ್ಟಳು.

ಮೊದಲನೆಯದನ್ನು ಜೋರಾಗಿ ಎಳೆದು ತುಂಡು ಮಾಡಿದಳು. ಎರಡನೆಯದು ಒಂದು ಮೊಳ ಬಂತು. ಒಣಗಿದ ಮೇಲೆ ನಾನೂ ಎಳೆದು ನೋಡಿದೆ. ಕೈಯಲ್ಲಿ ತುಂಡಾಗಲಿಲ್ಲ. ಆಮೇಲೆ ಅದನ್ನು ಬೇಸಿನ್ನಿನ ಕುದಿಯುವ ನೀರಿಗೆ ಹಾಕಿದಳು. ಹತ್ತು ನಿಮಿಷ ಗಡಿಯಾರ ನೋಡುತ್ತಾ ನಿಂತಿದ್ದಳು. ತೆಗೆದಾಗ ಹಾಗೇ ಇತ್ತು. ಈಗ ಅವಳ ರೆಕಾರ್ಡ್ ಪುಸ್ತಕದಲ್ಲಿ ಟೇಪ್ ಹಾಕಿ ಅಂಟಿಸಿದ್ದಾಳೆ. ಪಕ್ಕದಲ್ಲಿ ನಮ್ಮ ನೂಲಿನ ಒಂದು ಎಳೆಯನ್ನೂ ಅಂಟಿಸಿದ್ದಾಳೆ.